ಉಗುರಗಲದ ಚೌಕ

ಸುಗುಣೇಶ ತಂದುಕೊಟ್ಟ ಹಳೆಯ ಕ್ಯಾಸೆಟ್ಟಿನ ಮೇಲೆ
ಜೋಗದ ಜಲಪಾತ,
ಕೆಳಗೆ ವೀಣೆ ಹಿಡಿದ ಚೆಲುವೆ.
ಒಳಗಿನ ಎಂಟು ಹಾಡಲ್ಲಿ ಜೋಗವೂ ಇಲ್ಲ, ವೀಣೆಯೂ ಇಲ್ಲ.
ಮದರಾಸಿನ ಯಾವನೋ ಪುಣ್ಯಾತ್ಮ ಕೇಳದೆ ಬರೆದದ್ದು.

ಹಾಡಿದವರು ಆಯನೂರು ಕಡೆಯ ಚೌಡಮ್ಮ ಮತ್ತು ಸಂಗಡಿಗರು,
ಎಂಬತ್ತೇಳರಲ್ಲಿ, ಸಾಗರ ರಸ್ತೆಯ ರೈಸ್‌ಮಿಲ್ಲಿನ ಗೋದಾಮಿನಲ್ಲಿ,
ಗೋಡೆಗೆ ಗೋಣಿಚೀಲ ಒರಗಿಸಿ,
ಒಂದೇ ಮೈಕಿಗೆ ಆರು ಬಾಯಿ.

"ಬೂಷ್ಟು ಒರೆಸಿ ಫೋನಿಗೆ ಇಳಿಸಿದ್ದೀನಿ ಅಂಕಲ್,
ಹೊಸ ಚಿತ್ರ ಬೇಕು. ಕಾಣೋದು ಇಷ್ಟೇ" ಎಂದು
ಹೆಬ್ಬೆರಳ ಉಗುರು ತೋರಿಸಿದ.
ನಾನು ಇಪ್ಪತ್ತಡಿ ಬೋರ್ಡು ಬರೆದವನು.
ಬಿ.ಎಚ್. ರಸ್ತೆಯ ಅರ್ಧ ಅಂಗಡಿಗಳು ಒಂದು ಕಾಲಕ್ಕೆ
ನನ್ನ ಕೈಬರಹದಲ್ಲೇ ಗಿರಾಕಿ ಕೂಗುತ್ತಿದ್ದವು.
ಫ್ಲೆಕ್ಸು ಬಂದು ಗಂಟಲು ಕಟ್ಟಿತು, ಬಿಡಿ.

ದುರ್ಗಿಗುಡಿಯ ಮಹಡಿ ಕೋಣೆ, ಟರ್ಪೆಂಟೈನ್ ವಾಸನೆ,
ಮೊದಲ ಹಾಡು.
ನಾಟಿ ಗದ್ದೆಯಲ್ಲಿ ಮೂಗುಬೊಟ್ಟು ಬಿದ್ದಿದೆ,
ಕಳಕೊಂಡವಳಿಗಿಂತ ಕೆಸರಿಗೇ ಅದು ಒಪ್ಪುತ್ತದಂತೆ.
ಬರೆದೆ. ಚಿನ್ನದಂಗಡಿಯ ಜಾಹೀರಾತಾಯಿತು.
ಎರಡನೆಯದು ಒನಕೆಯದು, ಮಾತಿಗಿಂತ "ಹುಂ" ಜಾಸ್ತಿ.
"ಹುಂ"ಗೆ ಯಾವ ಬಣ್ಣ?
ಮೂರರಲ್ಲಿ ಒಂದು ಏಡಿಗೆ ಉದ್ದಕ್ಕೂ ಬೈಗುಳ:
ಬದುವಿಗೆ ತೂತು ಕೊರೆದವನೇ,
ನಿನ್ನ ಮದುವೆ ದಿಬ್ಬಣ ಅಡ್ಡಡ್ಡ ಹೋಗಲಿ!
ನಗುನಗುತ್ತ ಬರೆದ ಏಡಿ
ಮಿಲ್ಟ್ರಿ ಹೋಟೆಲಿನ ಗೋಡೆಗೆ ಸರಿ, ಇದಕ್ಕಲ್ಲ.

ನಾಲ್ಕರ ನಡುವೆ ಲಾರಿಯೊಂದು ಹಾರನ್ ಹೊಡೆದು ಹಾಯುತ್ತದೆ.
ಆರೂ ಜನ ನಿಲ್ಲಿಸಲಿಲ್ಲ,
ಅದರ ಶ್ರುತಿಗೇ ಕೊಂಚ ಏರಿಸಿಕೊಂಡರು.
"ತೆಗೆದುಬಿಡ್ತೀನಿ, ಸಾಫ್ಟ್‌ವೇರ್ ಇದೆ" ಅಂದ ಸುಗುಣೇಶ.
ಕೈ ಮುರೀತೀನಿ ಅಂದೆ.

ಐದರಲ್ಲಿ "ಹೊಗ್ಗುಳಿ" ಎಂಬೊಂದು ಪದ.
ಮೀನು ಮಾರ್ಕೆಟ್ಟಿನಲ್ಲಿ ಮೂವರನ್ನು ಕೇಳಿದೆ.
ಒಬ್ಬಳಿಗೆ ಅದು ಹಕ್ಕಿ, ಒಬ್ಬನಿಗೆ ಗದ್ದೆಯ ತೂಬು,
ಮೂರನೆಯಾಕೆ ದುರುಗುಟ್ಟಿ ನೋಡಿ
ಬಂಗುಡೆಯನ್ನೇ ತೂಗಲಿಲ್ಲ.

ಆರನೆಯದು.
ಚೌಡಮ್ಮ ಏರುದನಿಯಲ್ಲಿ ಹೋಗಿ, ಹೋಗಿ,
ಒಮ್ಮೆಲೇ ಇಲ್ಲ.
ಒಂದು ಉಸಿರಿನಷ್ಟು ಹೊತ್ತು ಟೇಪಿನ ಸರಸರ.
ಆಮೇಲೆ ಯಾರದೋ ಎಳೆಯ ದನಿ ಮುಂದಿನ ಸಾಲು ಎತ್ತಿಕೊಳ್ಳುತ್ತದೆ.
ಮರೆತವಳೊಬ್ಬಳು, ಹಿಡಿದವಳೊಬ್ಬಳು.
ನನಗೆ ಕಂಡದ್ದು ಒಗೆದ ಸೀರೆ ಮಡಚುವ ಇಬ್ಬರು:
ಒಂದು ತುದಿ ಇವಳಲ್ಲಿ, ಸೆರಗು ಅವಳಲ್ಲಿ, ನಡುವೆ ಗಾಳಿ.

ಮೂರು ರಾತ್ರಿ ಬರೆದೆ.
ಮುಖವಿಲ್ಲ. ನಾಲ್ಕು ಕೈ, ಒಂದು ಕೆಂಪು ಸೀರೆ.
ಸುಗುಣೇಶ ಫೋನಿನಲ್ಲಿ ಅದನ್ನು ಚಿಕ್ಕದು ಮಾಡುತ್ತ ಹೋದ.
ಬಳೆ ಹೋದವು, ಬೆರಳು ಹೋದವು,
ಉಳಿದದ್ದು ಅಡ್ಡಕ್ಕೆ ಒಂದು ಕೆಂಪು ಗೆರೆ.
ಇರಲಿ ಅನ್ನಿಸಿತು.
ಉಸ್ತಾದ್ ದಸ್ತಗೀರ್ ಸಾಬರು ಮೊದಲು ಕಲಿಸಿದ್ದೂ ಅಷ್ಟೇ:
ಉಸಿರು ಹಿಡಿ, ಒಂದು ಗೆರೆ ಎಳಿ,
ಅಕ್ಷರದ ಮಾತು ಆಮೇಲೆ.

ಭಾನುವಾರ ಆಯನೂರು ಬಸ್ಸು ಹತ್ತಿ ಚೌಡಮ್ಮನಿಗೆ ತೋರಿಸಿದೆವು.
ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.
ಮರೆತ ಸಾಲಿನ ವಿಷಯ ಹೇಳಿದೆ.
ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು.
"ಮರ್ತಿದ್ದಲ್ಲ ಕಣಪ್ಪ. ಬಿಟ್ಟಿದ್ದು.
ಆ ಸಾಲಲ್ಲಿ ಒಬ್ರ ಹೆಸರಿತ್ತು.
ಮಿಲ್ಲಿನೋರು ಎದುರಿಗೇ ಕೂತಿದ್ರು."
ಯಾರ ಹೆಸರು ಅಂದೆ.
ಎಲೆ ಬಾಯಿಗೆ ಹೋಯಿತು.

ರಾತ್ರಿ, ಬ್ಲೇಡು ತಗೊಂಡು
ಗೆರೆಯ ನಡುವೆ ಒಂದು ಉಸಿರಿನಷ್ಟು ಹೆರೆದೆ.
ಕಾಗದದ ಬಿಳಿ ಕಂಡಿತು.
"ಪ್ರಿಂಟು ಬಿಟ್ಟುಹೋದ ಹಾಗಿದೆ ಅಂಕಲ್" ಅಂದ ಸುಗುಣೇಶ.
ಹೌದು, ಹಾಗೇ ಇದೆ.

ಏಳು, ಎಂಟನೆಯ ಹಾಡು ನಾನಿನ್ನೂ ಕೇಳಿಲ್ಲ.
ಅವನಿಂದ ಐನೂರು ರೂಪಾಯಿ ಬಾಕಿ.