ಒಂಬತ್ತನೇ ಬಿ, ಮೂರನೇ ಪೀರಿಯಡ್

ಎಡ ಹೆಗಲ ಹಿಂದೆ ಒಂದು ಬಿಳಿ ನಕಾಶೆ.
ನಾನು ಬೋರ್ಡಿನ ಕಡೆ ತಿರುಗಿದಾಗಷ್ಟೇ
ಹುಡುಗಿಯರಿಗೆ ಕಾಣುವುದು.
ಬೆಳಿಗ್ಗೆ, ಹಾಸನದ ಪ್ಯಾಸೆಂಜರ್ ಕೂಗುವ ಹೊತ್ತಿಗೆ,
ತೇಗಿಸಲು ಎತ್ತಿಕೊಂಡಿದ್ದೆ.
ತೇಗಿನ ಹಿಂದೆಯೇ ಬೆಚ್ಚಗೆ ಬಂತು, ಬೆನ್ನಿಗಿಳಿಯಿತು.
ಸೀರೆ ಬದಲಿಸಲು ಹೊತ್ತಿರಲಿಲ್ಲ.
ಸುಳ್ಳು. ಇಸ್ತ್ರಿ ಆಗಿದ್ದದ್ದು ಇದೊಂದೇ.

ಇವತ್ತು ಫ್ರೇಸಲ್ ವರ್ಬ್. ಬ್ರಿಂಗ್ ಅಪ್ ಎಂದು ಬರೆದೆ.
ಕೆಳಗೆ ಅರ್ಥ:
ಮಕ್ಕಳನ್ನು ಸಾಕು.
ಮಾತು ಎತ್ತು.
ಚಾಕ್ ಒಂದು ಗಳಿಗೆ ನಿಂತಿತು.
ಕುಡಿದದ್ದನ್ನು ಕಕ್ಕು.

ಮುಂದಿನ ಬೆಂಚಿನ ತಸ್ಕೀನ್ ಎದ್ದಳು.
"ಅದ್ಹೆಂಗೆ ಮಿಸ್, ಸಾಕೋದೂ ಕಕ್ಕೋದೂ ಒಂದೇ?
ಇಂಗ್ಲಿಷ್ನೋರಿಗೆ ಬೇರೆ ಮಾತು ಸಿಗ್ಲಿಲ್ವಾ?"
ಹಿಂದಿನ ಬೆಂಚಿನಿಂದ ಕೊಬ್ಬರಿ ಚಿಪ್ಪು ಒಡೆದಂತೆ ನಗು.

ಅರಸೀಕೆರೆಯ ಆಚೆ ತುದಿಯಲ್ಲಿ
ಈ ಹೊತ್ತಿಗೆ ಅತ್ತೆಯ ಹೆಗಲೂ ಒದ್ದೆಯಾಗಿರುತ್ತದೆ.
ಅತ್ತೆ, ಸಾಕಮ್ಮ.
ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣಾಗಿ
ಅವರಪ್ಪ ತೊಟ್ಟಿಲಿಗೆ ಬೆನ್ನು ಹಾಕಿ ಕೂತು
ಇಟ್ಟ ಹೆಸರು: ಸಾಕು.
ಅಮ್ಮ ಆಮೇಲೆ ಅಂಟಿದ್ದು.
ಆ ಸಾಕು ಸಾಕಿದ್ದು ನನ್ನ ಗಂಡನನ್ನು, ಅವನ ತಂಗಿಯನ್ನು,
ಬಾಣಂತನದಲ್ಲೇ ಹೋದ ಓರಗಿತ್ತಿಯ ಅವಳಿ ಮಕ್ಕಳನ್ನು,
ಈಗ ನನ್ನ ಐದು ತಿಂಗಳ ಕೂಸನ್ನು.
ಹಳೆ ಪಂಚೆಯ ತುಂಡೊಂದು ಹೆಗಲಿಗೆ ಹಾಸಿ
ಬೆನ್ನು ನೀವುತ್ತ ಅಂಗಳದ ಉದ್ದಕ್ಕೂ ನಡೆಯುತ್ತ,
"ಕಕ್ಲಿ ಬಿಡವ್ವ, ಹೊಟ್ಟೆ ತುಂಬೈತೆ ಅಂತೈತೆ.
ಬಾಯಿ ಬರೋಗಂಟ ಅದಕ್ಕೆ ಅದೇ ಮಾತು."

"ಕೂತ್ಕೋ ತಸ್ಕೀನ್," ಅಂದೆ. "ಕನ್ನಡದಲ್ಲಿ ಸಾಕು ಅಂದರೆ?"
"ಎನಫ್, ಮಿಸ್."
"ಇನ್ನೊಂದು?"
ಅವಳು ಬೋರ್ಡು ನೋಡಿದಳು. ಮೊದಲ ಸಾಲು.
ತುಟಿ ಅಲ್ಲಾಡಿತು, ಸದ್ದಿಲ್ಲ.
ಇಡೀ ಕ್ಲಾಸಿಗೆ ಫ್ಯಾನಿನ ಕಿರಗುಟ್ಟುವಿಕೆ ಕೇಳಿಸಿತು.

ಎದೆ ಬಿಗಿಯತೊಡಗಿತ್ತು.
ಗಡಿಯಾರ ನೋಡದೆಯೇ ಅದಕ್ಕೆ ಹೊತ್ತು ತಿಳಿಯುತ್ತದೆ.
ಸೆರಗು ಎಳೆದುಕೊಂಡೆ, ರಿಜಿಸ್ಟರನ್ನು ಅಪ್ಪಿ ಹಿಡಿದೆ.

ಬೆಲ್ಲಾದ ಮೇಲೆ ಬಾಗಿಲ ಹತ್ತಿರ ತಸ್ಕೀನ್,
ಕೈಯಲ್ಲಿ ನೀರಿನ ಬಾಟಲಿ, ಕರ್ಚೀಫು.
"ತಿರುಕ್ಕಳಿ ಮಿಸ್. ನಮ್ಮಕ್ಕನ ಪಾಪೂನೂ ಹಿಂಗೇ."
ನಾನು ತಿರುಗಿ ನಿಂತೆ. ಕೂಸಿನಂತೆಯೇ ನಿಂತೆ.
ಒದ್ದೆ ಬಟ್ಟೆ, ಚಿಕ್ಕ ಕೈ, ಹುಳಿ ಮೊಸರಿನ ವಾಸನೆ.

"ಹೋಯ್ತಾ?"
"ಇಲ್ಲ ಮಿಸ್. ಇನ್ನಷ್ಟು ಅಗಲ ಆಯ್ತು."