ಎಸ್ಟಿಮೇಟು

ಉಪ್ಪಳದ ಶಾಫಿ ಬರೆದುಕೊಟ್ಟ ಚೀಟಿ ಮಲಯಾಳದಲ್ಲಿದೆ.
ಅಂಕಿಗಳಷ್ಟೇ ನನಗೆ ಓದಲು ಬರುತ್ತವೆ:
ಒಂದು ಲಕ್ಷದ ಎಂಬತ್ತನಾಲ್ಕು ಸಾವಿರ.
ಕೆಳಗೆ ಎರಡೆರಡು ಗೆರೆ ಎಳೆದಿದ್ದಾನೆ,
ಮೊತ್ತ ಎಲ್ಲಿ ಸೋರಿಹೋಗುತ್ತದೋ ಎಂಬಂತೆ.

ಲಿಗೋರಿ ಕನ್ನಡಕವನ್ನೂ ಹಾಕದೆ ಹೇಳಿಯಾಯಿತು:
"ಮಾಡಿಸುವಾ."

ಹದಿನೇಳು ವರ್ಷ ಕುವೈತಿನ ಹೋಟೆಲಿನಲ್ಲಿ
ಬೇರೆಯವರು ಈಜುವ ನೀರನ್ನು ತೊಳೆದವರು ಇವರು.
ಉದ್ದ ಕೋಲಿನ ಬಲೆಗೆ ಕೂದಲು, ಎಲೆ,
ಒಮ್ಮೆ ಯಾರದೋ ಚಿನ್ನದ ಹಲ್ಲು.
ಕಾಲಿನ ಬೆರಳು ಅದ್ದಿದರೂ ಸಂಬಳ ಕಟ್.
ಊರಿಗೆ ಬಂದವರೇ
ಬೇಳದ ಈ ಮುರಕಲ್ಲಿನ ದಿಣ್ಣೆಯಲ್ಲಿ
ಎರಡು ತೆಂಗಿನ ಸಸಿ ಕಿತ್ತು ಕೊಳ ಕಡಿಸಿದರು.
ತೆಗೆದ ಕಲ್ಲಿನಲ್ಲಿ ಖರ್ಚಿಲ್ಲದೆ ಒಂದು ಹಂದಿಗೂಡಾಯಿತು.
ನೀಲಿ ಟೈಲ್ಸು ಮಂಗಳೂರಿಂದ ಟೆಂಪೋದಲ್ಲಿ ಬಂತು.
ತೀರ್ಥ ಚಿಮುಕಿಸಲು ಬಂದ ಪಾದ್ರಿಯವರು ಪುಸ್ತಕ ತೆರೆದು
"ಇದು ಬಾವಿಯೋ, ಕೆರೆಯೋ?" ಎಂದರು.
ಪ್ರಾರ್ಥನೆ ಬೇರೆ ಬೇರೆಯಂತೆ.

ಮೂರನೆಯ ವರ್ಷವೇ ಒಡೆಯಿತು.
ಆಳದ ಮೂಲೆಯಿಂದ ಏಣಿಯ ಬುಡದವರೆಗೆ
ಒಂದು ನೂಲಿನ ಗೆರೆ. ಆಮೇಲೆ ಬೆರಳು ಹೋಗುವಷ್ಟು.
ಈಗ ಶಾಫಿಯ ಸ್ಕ್ರೂಡ್ರೈವರ್ ಹಿಡಿಯ ತನಕ ಇಳಿಯುತ್ತದೆ.

ಮಳೆಗೆ ತುಂಬುತ್ತದೆ, ಬೇಡವೆಂದರೂ.
ಕ್ರಿಸ್ಮಸಿಗೆ ಮೊಣಕಾಲುದ್ದ.
ಫೆಬ್ರವರಿಯಲ್ಲಿ ಕಪ್ಪೆಗಳೂ ಮನೆ ಖಾಲಿ ಮಾಡುತ್ತವೆ.
ಆ ನೀರು ಎಲ್ಲಿಗೆ ಹೋಗುತ್ತದೆಂದು
ನಾನು ಕೇಳಿದವಳಲ್ಲ.

ಮಂಗಳವಾರ, ಶಾಫಿ ಟೇಪು ಹಿಡಿದದ್ದು ಕಂಡು
ಕೆಳಗಿನ ಮನೆಯ ಮಾಂಕು ನಾಯ್ಕರು ಗುಡ್ಡೆ ಹತ್ತಿ ಬಂದರು.
ನಿಂತರು. ಎಲೆಗೆ ಸುಣ್ಣ ಹಚ್ಚಿದರು. ಜಗಿದರು.
"ನಮ್ಮ ಸುರಂಗದಲ್ಲಿ ಮೊದಲೆಲ್ಲ
ಮಾರ್ಚಿಗೇ ತೊಟ್ಟಿಕ್ಕುತ್ತಿತ್ತು, ಬಾಯಮ್ಮ.
ನೀವು ಇದು ಮಾಡಿಸಿ ಎರಡು ಮೂರು ವರ್ಷ ಕಳೆದ ಮೇಲೆ
ಮೇ ತಿಂಗಳಲ್ಲೂ ಕಿರುಬೆರಳಿನಷ್ಟು.
ಶುರುವಿಗೆ ಆಸ್ಪತ್ರೆಯ ವಾಸನೆ ಇತ್ತು.
ಆಮೇಲೆ ಅಭ್ಯಾಸ ಆಯಿತು."
ಮುಚ್ಚಬೇಡಿ ಎನ್ನಲಿಲ್ಲ.
ಜಗಲಿಯಲ್ಲಿ ಒಂದು ಬಾಳೆಗೊನೆ ಇಟ್ಟು ಇಳಿದುಹೋದರು.

ಪ್ರತಿ ವರ್ಷ ತೆನೆಹಬ್ಬಕ್ಕೆ ಆ ಮನೆಯಿಂದ ಗೊನೆ ಬರುತ್ತದೆ.
ಎಣಿಸಿದೆ, ನಿದ್ದೆ ಬಾರದ್ದಕ್ಕೆ. ಹತ್ತೊಂಬತ್ತು.
ನಮ್ಮ ನೀರನ್ನೇ ನಾವು ಸಿಪ್ಪೆ ಸುಲಿದು ತಿಂದದ್ದು.

"ಅವರಿಗೆ ಪಂಚಾಯತಿನ ನಳ್ಳಿ ಇದೆಯಲ್ಲ," ಎಂದರು ಇವರು.
ಇದೆ. ವಾರಕ್ಕೆರಡು ದಿನ ಗಾಳಿ ಬರುತ್ತದೆ.
"ನನ್ನ ಮೊಣಗಂಟಿಗೆ ಡಾಕ್ಟರು
ನೀರಿನಲ್ಲಿ ನಡೆಯಲು ಹೇಳಿದ್ದಾರಲ್ಲ."
ಅದೂ ಹೌದು.
ಹೌದುಗಳೇ ಹೀಗೆ, ಒಂದರ ಕಾಲು ಒಂದು ತುಳಿಯುತ್ತವೆ.

ನಾನು? ನಾನು ಒಮ್ಮೆಯೂ ಇಳಿದವಳಲ್ಲ.
ಈಜುಡುಗೆ ತಂದಿದ್ದರು, ಕಪ್ಪನೆಯದು.
ಪೆಟ್ಟಿಗೆಯ ತಳದಲ್ಲಿ ಅದಕ್ಕೆ
ನುಸಿಗುಳಿಗೆಯ ವಾಸನೆ ಮೆತ್ತಿದೆ.
ಬದಿಯಡ್ಕದ ಬಸ್ಸಿನ ಕಿಟಕಿಗೆ ನಮ್ಮ ಹಿತ್ತಲು ಕಾಣುತ್ತದೆಂದು
ಇಪ್ಪತ್ತೆರಡು ವರ್ಷ ಒಂದೇ ನೆಪ ಹೇಳಿದೆ.
ಬಸ್ಸು ಆರೂವರೆಗೇ ನಿಲ್ಲುತ್ತದೆ.

ನಿನ್ನೆ ರಾತ್ರಿ ಟಾರ್ಚು ಹಿಡಿದು ಇಳಿದೆ.
ಏಣಿಯ ಮೂರನೆ ಮೆಟ್ಟಿಲು ತುಕ್ಕಾಗಿ ಬಾಗಿತು.
ತಳದಲ್ಲಿ ಒಣಗಿದ ಪಾಚಿ, ಹಳೆಯ ಸಾರಣೆಯ ಹಾಗೆ.
ಬಿರುಕಿಗೆ ಕಿವಿ ಕೊಟ್ಟು ಕೂತೆ.
ಏನೂ ಕೇಳಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.
ಇರುವೆಗಳು ಮಾತ್ರ, ಬಿಳಿ ಮೊಟ್ಟೆ ಕಚ್ಚಿಕೊಂಡು
ಒಂದರ ಹಿಂದೊಂದು ಮೇಲೆ ಬರುತ್ತಿದ್ದವು.
ಮಳೆಗೆ ಮೊದಲು ಸಿಮೆಂಟು ಒಣಗಬೇಕು,
ಹತ್ತು ದಿನ ಬೇಕು ಎಂದಿದ್ದ ಶಾಫಿ.
ಇರುವೆಗಳಿಗೆ ಅಷ್ಟು ಪುರುಸೊತ್ತಿದ್ದಂತೆ ಕಾಣಲಿಲ್ಲ.

ಬೆಳಿಗ್ಗೆ ಚೀಟಿ ಮೇಜಿನ ಮೇಲಿತ್ತು,
ಒಂದು ಸಾಲಿಗೆ ಪೆನ್ಸಿಲಿನ ಗೀಟು ಬಿದ್ದಿತ್ತು.
ಕುವೈತಿನ ಕೋಣೆಯಲ್ಲಿ ಮಲಯಾಳ ಕಲಿತವರು ಇವರೇ.
ಯಾವ ಸಾಲು ಎಂದು ನಾನು ಕೇಳಲಿಲ್ಲ.
ಅಂಕಿ ಓದಿದೆ: ಎಲ್ಲಕ್ಕಿಂತ ದೊಡ್ಡದು.

ಗೊನೆಯಲ್ಲಿ ಹಣ್ಣಾದದ್ದು ಮೂರೇ ಕಾಯಿ.
ಎರಡನ್ನು ಇವರ ತಟ್ಟೆಗೆ ಹಾಕಿದೆ.
"ಏಣಿ ಮಾತ್ರ ಹೊಸತು ಹಾಕಿಸುವಾ," ಎಂದರು
ಕಿಟಕಿಯ ಕಡೆ ನೋಡುತ್ತಾ,
"ಇಬ್ಬರ ಭಾರಕ್ಕೆ ಆಗುವಂಥದ್ದು."