ನಡುವಿನ ಗೀಟು

ಫ್ರಾನ್ಸಿನಿಂದ ಒಂದು ಪಾಕೀಟು ಬಂದೈತಿ ನಗರಸಭೆಗೆ.
ಟಪಾಲು ಎಲ್ಲಾ ನನ್ನ ಟೇಬಲ್ಲಿಗೆ ಬರತೈತಿ, ಇದೂ ಬಂತು.
ಆವಕ ಸಂಖ್ಯೆ ನಾಲ್ಕುನೂರಾ ಹನ್ನೊಂದು ಅಂತ ಬರೆದು
ಅಂಚೆಚೀಟಿ ಮೊದಲು ನಾನೇ ಬಿಡಿಸಿ ಇಟ್ಟುಕೊಂಡೆ,
ಸುಳ್ಳು ಯಾಕ ಹೇಳಲಿ.

ಪ್ಯಾರಿಸ್ಸಿನ ಮಗ್ಗಲಿನ ಒಂದು ಹಳೇ ಊರಂತ ಅದು.
ಕಾಲೇಜಿನ ಮಾಸ್ತರರು ಓದಿ, ಕನ್ನಡ ಮಾಡಿ ಹೇಳಿದರು:
ನಮ್ಮ ಊರಿಗೆ ಎಂಟುನೂರು ವರ್ಷ.
ಒಂದು ವಾಚನಾಲಯ, ಒಂದು ನಾಟಕಶಾಲೆ,
ರವಿವಾರದ ಸಂತೆ, ಹಿತ್ತಾಳೆ ವಾದ್ಯದ ಮೇಳ ಇವೆ.
ನಿಮ್ಮೊಂದಿಗೆ ಗೆಳೆತನ ಬೆಳೆಸುವ ಇಚ್ಛೆ.
ನಿಮ್ಮ ನಾಗರಿಕ ಮತ್ತು ಸಾಂಸ್ಕೃತಿಕ ಜೀವನದ ಬಗ್ಗೆ
ದಯವಿಟ್ಟು ಒಂದು ಪುಟ ಬರೆದು ಕಳಿಸಿರಿ.

ಸಾಹೇಬರು ಷರಾ ಹಾಕಿದರು: ‘ಕಡತದಲ್ಲಿ ಮಂಡಿಸಿ.’
ಅಧ್ಯಕ್ಷರು ಅಂದರು, ತಾರಾಬಾಯಿ,
ನಿಮ್ಮ ಅಕ್ಷರ ದುಂಡಗ ಅದಾವು, ನೀವ ಬರೀರಿ.

ಪಾಕೀಟಿನಾಗ ಒಂದು ಫೋಟೋ. ಹೊಳಿ, ಸೇತುವೆ,
ಗಡಿಯಾರ ಹೊತ್ತ ಸಣ್ಣ ಕಚೇರಿ. ಅದರ ಮೆಟ್ಟಲಿಗೆ
ಬುಟ್ಟಿ ಇಟ್ಟು ಕುಂತಾಳ ಒಬ್ಬಾಕಿ,
ಬಿಸಿಲಿಗೆ ಕಣ್ಣು ಕಿರಿದು ಮಾಡಿ.
ಊರಿನ ಹೆಸರು ನನಗ ಓದಲಿಕ್ಕೆ ಬರಲಿಲ್ಲ.
ಆದರ ಹೆಸರಿನ ನಡುವ ಒಂದು ಸಣ್ಣ ಗೀಟು ಕಂಡಿತು.
ನಮ್ಮಂಗ. ಗದಗ, ಗೀಟು, ಬೆಟಗೇರಿ.

ಮಾನ್ಯರೇ,
ನಾನು ಗೀಟಿನ ಈಚೆ ಕಡೆಯಾಕಿ,
ದೊಡ್ಡ ಹೆಸರಿನ ಬೆನ್ನಿಗೆ ಕಟ್ಟಿದ ಊರಿನಾಕಿ.
ಬಸ್ಸಿನ ಫಲಕದಾಗ ಜಾಗ ಸಾಲದಿದ್ದರ
ಮೊದಲು ಬಿಡೂದು ನಮ್ಮನ್ನ.
ನಿಮಗಿದು ತಿಳೀತೈತಿ ಅಂತ ನನ್ನ ಅಂದಾಜು.
ನಿಮ್ಮ ನಡುವ ಹೊಳಿ, ನಮ್ಮ ನಡುವ ರೈಲಿನ ಹಳಿ.
ಗೇಟು ಬಿದ್ದರ ಎರಡೂ ಊರು
ಒಂದನ್ನೊಂದು ನೋಡಿಕೋತ ನಿಂದಿರತಾವು.

ಇತಿಹಾಸ ಕೇಳೀರಿ. ನಮ್ಮಲ್ಲಿ ವೀರಗಲ್ಲು ಅದಾವು.
ಕುದುರಿ ಮ್ಯಾಲಿನ ಆ ಗಂಡಸು ಯಾವ ಜಗಳಕ್ಕ ಸತ್ತನೋ,
ಇವತ್ತಿನ ತನಕ ಕತ್ತಿ ಇಳಿಸಿಲ್ಲ.
ನನ್ನವ್ವ ಅವನ ಕತ್ತಿಗೆ ಹುರಿ ಕಟ್ಟಿ ನೂಲು ಒಣ ಹಾಕತಿದ್ದಳು.

ಸಂಗೀತ ಕೇಳೀರಿ. ಗುಣಿಯೊಳಗ ಕಾಲು ಇಳಿಬಿಟ್ಟು
ನಮ್ಮಪ್ಪ ನಲವತ್ತು ವರ್ಷ ಮಗ್ಗ ಹೊಡದ.
ಆ ಸಪ್ಪಳಕ್ಕ ನಾವು ಮಲಗತಿದ್ದಿವಿ,
ಸಪ್ಪಳ ನಿಂತರ ಓಣಿ ಪೂರಾ ಎಚ್ಚರಾಗತಿತ್ತು,
ಯಾರಿಗೆ ಏನಾತು ಅಂತ.

ನಾಟಕ: ಕಂಪನಿ ಬಂದರ ಮೂರು ತಿಂಗಳು ಠಿಕಾಣಿ.
ರಾತ್ರಿ ರಾಣಿ ಪಾರ್ಟಿನ ಪ್ರೇಮಲತಾ ವಿಷ ಕುಡಿದು ಸತ್ತಾಗ
ನಾವೆಲ್ಲಾ ಸೆರಗು ತೊಯ್ಯೂ ಹಂಗ ಅತ್ತಿವಿ.
ಮುಂಜಾನೆ ಆಕಿನ ನಮ್ಮ ನಳಕ್ಕ ಕೊಡ ತಂದು
ಪಾಳಿ ತಪ್ಪಿಸಿದಳು.
ಜಡಿ ಹಿಡಿದು ಜಗಳಾಡಿದಿವಿ.
ಅರ್ಧ ಬಣ್ಣ ಇನ್ನೂ ಕಿವಿ ಹಿಂದ ಇತ್ತು.

ವಾಚನಾಲಯ ನಮಗೂ ಐತಿ. ಒಂದು ಪತ್ರಿಕೆ, ಎಂಟು ಮಂದಿ.
ನೌಕರಿ ಜಾಹೀರಾತು ಯಾರೋ ಕತ್ತರಿಸಿಕೊಂಡು ಹೋದ ಕಿಂಡಿಯೊಳಗಿಂದ
ಯಲ್ಲೂಸಾ ಕಾಕಾನ ಮೀಸಿ ಕಾಣತೈತಿ.
ಲೋಕದ ಸುದ್ದಿ ಮುಗಿಸಿ ಆತ ಗಿರಮಿಟ್ಟಿಗೆ ಹೋಗತಾನ,
ಚಷ್ಮಾ ಅಲ್ಲೇ ಮರೆತು.

ಅಧ್ಯಕ್ಷರು ಕೆಂಪು ಪೆನ್ನು ತಗದರು.
ವೀರಗಲ್ಲು ಇರಲಿ, ಹುರಿ ಬ್ಯಾಡ.
ನಾಟಕ ಇರಲಿ, ಕೊಡ ಬ್ಯಾಡ.
ಜಡಿ ಅಂತೂ ಬ್ಯಾಡೇ ಬ್ಯಾಡ.
‘ಅಲ್ರೀ, ಹೊರಗಿನ ಮಂದಿ ಏನ ತಿಳಕೊಂಡಾರು!’
ಉಳಿದದ್ದು ಓದಿದೆ. ಸ್ಮಶಾನದ ಫಲಕದಂಗ
ಸ್ವಚ್ಛ ಇತ್ತು.

ಅಷ್ಟೊತ್ತಿಗೆ ವಾಲ್ವಮನ್ ಗೌಸಸಾಬ ಬಾಗಲದಾಗ:
ಬೆಟಗೇರಿಗೆ ಬಿಟ್ಟೇನ್ರೀ!
ಹನ್ನೊಂದನೇ ದಿನ. ಕುರ್ಚಿ ಸರಿದ ಸಪ್ಪಳ,
ಚಪ್ಪಲಿ ಹುಡುಕಾಟ, ಜನನ ಮರಣದ ಖೋಲಿಗೆ ಚಿಲಕ.
ಅಧ್ಯಕ್ಷರ ಗಾಡಿ ಎಲ್ಲಾರಿಗಿಂತ ಮೊದಲು ಹೋತು,
ಅವರ ಮನಿನೂ ಗೀಟಿನ ಈಚೆನ.

ತಿರುಗಿ ಬಂದಾಗ ಕಚೇರಿಯೊಳಗ ಯಾರೂ ಇರಲಿಲ್ಲ.
ಕೆಂಪು ಗೀಟು ಹಾಕಿದ್ದನ್ನೆಲ್ಲಾ
ಬ್ಯಾರೆ ಹಾಳ್ಯಾಗ ದುಂಡಗ ಬರೆದೆ.

ಮಾನ್ಯರೇ, ಮೂಲಿ ತೊಯ್ದೈತಿ, ಕ್ಷಮಾ ಇರಲಿ,
ಕೈ ಒರಸದ ಬಂದು ಕುಂತೀನಿ.
ಮೆಟ್ಟಲ ಮ್ಯಾಲಿನ ಆ ಬುಟ್ಟಿಯಾಕಿ ಹೆಸರೇನು?
ಮತ್ತ, ಹೊಳಿ ಅಷ್ಟು ಹತ್ರ ಐತಿ ನಿಮಗ,
ನೀರು ಎಷ್ಟು ದಿನಕ್ಕೊಮ್ಮೆ ಬಿಡತೀರಿ?